ಇಪ್ಪತ್ತು ಡಿಗ್ರಿಯ ಕೋಣೆ

ಗ್ರೀನ್‌ಫರ್ಡ್, ಲಂಡನ್
೯ ಮಾರ್ಚ್ ೨೦೨೫

ಚಿ. ಪ್ರತೀಕ್ಷಾಳಿಗೆ ಅಪ್ಪನ ಆಶೀರ್ವಾದಗಳು.

೧. ನಾನು ಇಂಗ್ಲೆಂಡಿಗೆ ಬಂದದ್ದು ೨೦೦೧ರ ಅಕ್ಟೋಬರಿನಲ್ಲಿ. ಆಗ ನನಗೆ ಇಪ್ಪತ್ತೆಂಟು ವರ್ಷ. ಮದುವೆಯಾಗಿ ಹೆಚ್ಚು ದಿನಗಳಾಗಿರಲಿಲ್ಲ.

೨. ಅದಕ್ಕೆ ಮೊದಲು ಬೆಂಗಳೂರಿನ ಪೀಣ್ಯದಲ್ಲಿ ಒಂದು ಟೂಲ್‌ರೂಮಿನ ಅಳತೆ ವಿಭಾಗದಲ್ಲಿದ್ದೆ. ಆ ವರ್ಷ ಆರ್ಡರುಗಳು ಕಡಿಮೆಯಿದ್ದವು. ಆದರೆ ಯಾರನ್ನೂ ಕೆಲಸದಿಂದ ತೆಗೆದಿರಲಿಲ್ಲ.

೩. ಗ್ರೀನ್‌ಫರ್ಡಿನ ಈ ಪ್ರಯೋಗಾಲಯದವರಿಗೆ ತಮ್ಮ ಹೊಸ ಅಳತೆ ಯಂತ್ರವನ್ನು ನಡೆಸಬಲ್ಲವರು ಬೇಕಾಗಿದ್ದರು. ಅದೇ ಮಾದರಿಯ ಯಂತ್ರದ ಮೇಲೆ ನನಗೆ ಅಭ್ಯಾಸವಿತ್ತು.

೪. ವರ್ಕ್ ಪರ್ಮಿಟ್ ಎರಡು ವರ್ಷಕ್ಕೆ ಸಿಕ್ಕಿತು.

೫. ಮರುವರ್ಷ ನಿನ್ನ ಅಮ್ಮ ಬಂದಳು. ೨೦೦೩ರಲ್ಲಿ ನೀನು ಹುಟ್ಟಿದೆ.

೬. ವರ್ಕ್ ಪರ್ಮಿಟ್ಟನ್ನು ಮುಂದುವರಿಸಲಾಯಿತು.

“ನೀವು ಇಲ್ಲಿಂದ ಯಾಕೆ ಹೋದ್ರಿ?” ಎಂದು ನೀನು ಕಳೆದ ಭಾನುವಾರ ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ ಇಷ್ಟು. ಫೋನಿನಲ್ಲಿ ನಾವಿಬ್ಬರೂ ಊಟ, ಹವಾಮಾನಗಳನ್ನು ದಾಟಿ ಮುಂದಕ್ಕೆ ಹೋಗುವುದಿಲ್ಲ ಎಂಬ ನಿನ್ನ ದೂರು ನ್ಯಾಯವಾದದ್ದು. ಕೈಯಲ್ಲಿ ಬರೆದು ಫೋಟೊ ತೆಗೆದು ಕಳಿಸೋಣ ಎಂಬ ಸೂಚನೆಯನ್ನು ಒಪ್ಪಿದ್ದೇನೆ. ನಿನ್ನ ಕನ್ನಡಕ್ಕೂ ಅಭ್ಯಾಸವಾಗುತ್ತದೆ. ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಕ್ಕೆ ಕಳಿಸುವುದಿಲ್ಲ.

ಇಲ್ಲೇ ಹುಟ್ಟಿ ಇಲ್ಲೇ ಎಂಜಿನಿಯರಿಂಗ್ ಓದಿದ ಹುಡುಗಿ ಕೋಲಾರದ ಪಕ್ಕದ ವೇಮಗಲ್‌ಗೆ, ಬಸ್ಸಿನ ಮೋಟಾರು ತಯಾರಿಸುವ ಕಾರ್ಖಾನೆಗೆ, ಏಕೆ ಹೋದಳೆಂದು ನನ್ನನ್ನೂ ಜನ ಕೇಳುತ್ತಾರೆ. ಅನುಭವಕ್ಕೆ ಎನ್ನುತ್ತೇನೆ. ಒಂದು ವರ್ಷದ ಮಟ್ಟಿಗೆ ಮಾತ್ರ, ಇಲ್ಲೇ ಪಕ್ಕದ ಹೇಸ್‌ನ ಕಂಪನಿಯವರು ಅವಳ ಕೆಲಸವನ್ನು ಜನವರಿಯವರೆಗೆ ಕಾದಿರಿಸಿದ್ದಾರೆ ಎಂಬುದನ್ನೂ ಸೇರಿಸುತ್ತೇನೆ.

ಇತಿ,
ಅಪ್ಪ

ಪುಟ್ಟಿ, ಇವರು ಬರ್ದಿದ್ದು ಓದ್ದೆ. ಇದು ಕಾಗದಾನೋ ಟೆಂಡರ್ ನೋಟೀಸೋ? ಐದನೇ ನಂಬರಿಗಾದ್ರೂ ನಾನು ಬಂದಿದ್ದೀನಿ, ಸದ್ಯ. ತಲೆಗೆ ಎಣ್ಣೆ ಹಚ್ಕೋ. ಅಮ್ಮ.


ವೇಮಗಲ್
30 ಮಾರ್ಚ್ 2025

ಅಪ್ಪಾ,

ನಿಮ್ಮ ಲೆಟರ್ ಎರಡು ಸಲ ಓದ್ದೆ. ಕೆಲವು ವರ್ಡ್ಸ್‌ಗೆ ಮನೆ ಓನರ್ ಚಂದ್ರಿಕಾ ಆಂಟಿನ ಕೇಳಬೇಕಾಯ್ತು. ಅವರು ಪೂರ್ತಿ ಓದಿ, “ನಿಮ್ಮಪ್ಪ ಕೋರ್ಟಲ್ಲಿ ಕೆಲಸ ಮಾಡ್ತಾರಾ ಪಾಪಾ?” ಅಂದ್ರು. ಇಲ್ಲಿ ಎಲ್ಲರೂ ನನ್ನ ಪಾಪ ಅಂತಾರೆ. ಫ್ಯಾಕ್ಟರೀಲಿ ಲಂಡನ್ ಪಾಪ.

ಕ್ಯಾಂಟೀನಲ್ಲಿ ದಿನಾ ಒಂದೇ ಪ್ರಶ್ನೆ. ನಮ್ಮ ಕ್ವಾಲಿಟಿ ಮ್ಯಾನೇಜರ್ ಮಹಾಲಿಂಗಪ್ಪ ಸರ್ ಮೊದಲ ವಾರವೇ ಕೇಳಿದ್ರು: “ಎಲ್ಲಾರೂ ಕೆನಡಾಗೆ ಹೋಗ್ತಾರಮ್ಮಾ, ದುಬೈಗೆ ಹೋಗ್ತಾರೆ. ನೀನೇನು ವೇಮಗಲ್‌ಗೆ ಬಂದಿದ್ದೀಯ? ಅಲ್ಲೇನಾದ್ರೂ ಬ್ಯಾಂಕ್ ಗೀಂಕ್ ದೋಚಿ ಬಂದ್ಯಾ?” ನಾನು ಯೆಸ್ ಸರ್ ಅಂದೆ. ಅವರು ಅರ್ಧ ನಂಬಿದ್ರು ಅನ್ಸುತ್ತೆ.

ಆದ್ರೆ ಅಪ್ಪಾ, ಇಲ್ಲಿ ಹೊರಗಿಂದ ಬಂದವಳು ನಾನೊಬ್ಬಳೇ ಅಲ್ಲ. ಅಸೆಂಬ್ಲಿ ಲೈನಲ್ಲಿ ಒಡಿಶಾ, ಅಸ್ಸಾಂ, ಜಾರ್ಖಂಡ್ ಹುಡುಗಿಯರು ತುಂಬಾ ಇದ್ದಾರೆ. ಕೆಲವರಿಗೆ ಹದಿನೆಂಟು ಹತ್ತೊಂಬತ್ತು ಅಷ್ಟೇ. ಅವರನ್ನೂ ನಾನು ಕೇಳ್ತೀನಿ, ಯಾಕೆ ಬಂದ್ರಿ ಅಂತ. ಮೊದಲು ಎಲ್ಲರೂ ಕೆಲಸಕ್ಕೆ ಅಂತಾರೆ. ಹತ್ತು ನಿಮಿಷ ಪಕ್ಕದಲ್ಲಿ ಸುಮ್ನೆ ಕೂತ್ರೆ ಬೇರೆ ಏನೋ ಹೇಳ್ತಾರೆ. ಒಬ್ಬಳು ಅಕ್ಕನ ಗಂಡನ ಮನೇಲಿ ಇರೋಕಾಗದೆ ಬಂದಿದ್ದಾಳೆ. ಇನ್ನೊಬ್ಬಳಿಗೆ ರೈಲಲ್ಲಿ ಮೇಲಿನ ಬರ್ತಲ್ಲಿ ಮಲಗಿ ಎರಡು ದಿನ ಹೋಗಬೇಕು ಅಂತ ಆಸೆ ಇತ್ತಂತೆ. ರಿಯಲಿ!

ನಿಮ್ಮ ಲಿಸ್ಟಲ್ಲಿ ಹತ್ತು ನಿಮಿಷ ಆದಮೇಲೆ ಹೇಳೋದು ಇಲ್ಲ.

ಪ್ರತೀಕ್ಷಾ


ಗ್ರೀನ್‌ಫರ್ಡ್
೧೩ ಏಪ್ರಿಲ್ ೨೦೨೫

ಚಿ. ಪ್ರತೀಕ್ಷಾಳಿಗೆ ಆಶೀರ್ವಾದಗಳು.

ನಿನ್ನ ವಿಧಾನವನ್ನು ಪಕ್ಕದ ಮನೆಯ ಸರ್ದಾರ್‌ಜಿಯವರ ಮೇಲೆ ಪ್ರಯೋಗಿಸಿ ನೋಡಿದೆ. ನಿನಗೆ ಗೊತ್ತಿರುವಂತೆ ಅವರು ೧೯೬೨ರಲ್ಲಿ ಸೌತಾಲ್‌ನ ರಬ್ಬರ್ ಕಾರ್ಖಾನೆಗೆ ಬಂದವರು. ಬೇಲಿಯ ಆಚೆ ಗುಲಾಬಿ ಗಿಡ ಸವರುತ್ತಿದ್ದರು. ಏಕೆ ಬಂದಿರಿ ಎಂದರೆ, “ಹೊಟ್ಟೆಪಾಡಿಗೆ, ಮತ್ತೇನಕ್ಕೆ?” ಎಂದರು. ನಾನು ಹೋಗದೆ ಅಲ್ಲೇ ನಿಂತೆ. ಅವರು ಎರಡು ಗಿಡ ಮುಗಿಸಿದ ಮೇಲೆ ತಾವಾಗಿ ಹೇಳಿದರು: ಅವರ ಹಳ್ಳಿಯಿಂದ ಮೊದಲು ಇಲ್ಲಿಗೆ ಬಂದಿದ್ದ ಒಬ್ಬಾತ ರಜೆಗೆ ಊರಿಗೆ ಹೋದಾಗ, ಮೇ ತಿಂಗಳಲ್ಲಿ, ಮೊಣಕಾಲಿನವರೆಗಿನ ಉಣ್ಣೆಯ ಕೋಟು ಹಾಕಿಕೊಂಡಿದ್ದನಂತೆ. ಬೆವರು ಸುರಿಯುತ್ತಿದ್ದರೂ ತೆಗೆಯಲಿಲ್ಲವಂತೆ. “ಆ ಕೋಟು ನನಗೆ ಬೇಕಿತ್ತು, ಅಷ್ಟೇ ಕಣಪ್ಪಾ. ಮೂರು ವರ್ಷ ದುಡಿದು, ಕೋಟು ತೆಗೆದುಕೊಂಡು, ಹೊರಟುಬಿಡುವುದು ಅಂದುಕೊಂಡಿದ್ದೆ,” ಎಂದರು. ಕೋಟು ಏನಾಯಿತು ಎಂದು ಕೇಳಿದೆ. ಬಂದ ವರ್ಷವೇ ಕೊಂಡರಂತೆ.

ನಿನ್ನ ಕೆಲಸದ ವಿವರ ಬರೆ. ಅಳತೆಗೆ ಪ್ರತ್ಯೇಕ ಕೋಣೆಯಿದೆಯೇ? ಚಿಕ್ಕವಳಿದ್ದಾಗ ನೀನು ನನ್ನ ಪ್ರಯೋಗಾಲಯಕ್ಕೆ ಬಂದು, ಬಾಗಿಲಲ್ಲಿ ಅಂಟಿಸಿದ್ದ “೨೦ ಡಿಗ್ರಿ” ಎಂಬ ಫಲಕವನ್ನು ಓದಿ, ಆ ಕೋಣೆಗೆ ಇಪ್ಪತ್ತು ವರ್ಷವೆಂದು ತಿಳಿದಿದ್ದೆ.

ಇಲ್ಲಿ ವಿಶೇಷವೇನಿಲ್ಲ. ಪಕ್ಕದ ಗೋದಾಮಿನವರು ಬಂದು ನಮ್ಮ ಕಟ್ಟಡವನ್ನು ನೋಡಿಕೊಂಡು ಹೋದರು. ಕಾಲುವೆಯ ದಂಡೆಯಲ್ಲಿ ಬಾತುಕೋಳಿಯ ಮರಿಗಳಾಗಿವೆ.

ಇತಿ,
ಅಪ್ಪ


ವೇಮಗಲ್
11 ಮೇ 2025

ಅಪ್ಪಾ,

ಬಾಬಾಜಿಗೆ ಎರಡು ಗುಲಾಬಿ ಗಿಡದಷ್ಟು ಟೈಮ್ ಕೊಟ್ರಿ. ನಿಮಗೆ ನೀವು ಯಾವಾಗ ಕೊಡ್ತೀರ?

ಈ ವಾರ ಸ್ವಲ್ಪ ಟಫ್ ಇತ್ತು. ಮೋಟಾರಿನ ಹೌಸಿಂಗ್ ಇದೆಯಲ್ಲ, ಅಲ್ಯೂಮಿನಿಯಂದು, ಅದರಲ್ಲಿ ಬೇರಿಂಗ್ ಕೂರೋಕೆ 120 ಮಿಲಿಮೀಟರ್ ಬೋರ್ ಇರುತ್ತೆ. ಗುರುವಾರ ಒಂದು ಲಾಟ್ ಪೂರ್ತಿ ಅಳೆದೆ. ಎಲ್ಲಾ 50 ಮೈಕ್ರಾನ್ ದೊಡ್ಡದು, ಒಂದೂ ಬಿಡದೆ. ನಾನು ರಿಜೆಕ್ಟ್ ಅಂತ ಕೆಂಪು ಟ್ಯಾಗ್ ಹಾಕಿಬಿಟ್ಟೆ. ಲೈನ್ ನಿಂತುಹೋಯ್ತು. ಮಷಿನಿಂಗ್ ಕಡೆಯವರು ಬಂದು ಜೋರಾಗಿ ಕೂಗಾಡಿದ್ರು. ಪ್ರೊಡಕ್ಷನ್ ಇನ್ಸೆಂಟಿವ್ ಹೋಗುತ್ತೆ ಅಂತ ಲೈನಲ್ಲಿ ಎಲ್ಲರಿಗೂ ಕೋಪ. ನಂಬರ್ಸ್ ನಂಬರ್ಸೇ ಅಂತ ನಾನು ಬಿಡಲಿಲ್ಲ. ನೀವು ಹಾಗೇ ಅಲ್ವಾ ಹೇಳೋದು?

ನಮಗೆ ಸೆಪರೇಟ್ ಕೋಣೆ ಇಲ್ಲ. ಶೆಡ್ಡಿನ ಮೂಲೇಲಿ ಗಾಜಿನ ಕ್ಯಾಬಿನ್, ಒಂದು ಎಸಿ. ಹೊರಗೆ ಪಾರ್ಟ್ಸ್ ತೊಳೆಯೋ ಮಷಿನ್. ಅಲ್ಲಿಂದ ನನಗೆ ಟ್ರಾಲೀಲಿ ಬರುತ್ತೆ.

ಎರಡು ದಿನದಿಂದ ಕ್ಯಾಂಟೀನಲ್ಲಿ ನನ್ನ ಜೊತೆ ಯಾರೂ ಊಟಕ್ಕೆ ಕೂರ್ತಿಲ್ಲ. ಪರವಾಗಿಲ್ಲ. ಇಲ್ಲಿ ತುಂಬಾ ಬಿಸಿಲು.

ಪ್ರತೀಕ್ಷಾ


ಗ್ರೀನ್‌ಫರ್ಡ್
೧೨ ಮೇ ೨೦೨೫

ಚಿ. ಪ್ರತೀಕ್ಷಾಳಿಗೆ ಆಶೀರ್ವಾದಗಳು.

ನಿನ್ನ ಪತ್ರ ಈಗತಾನೇ ಓದಿದೆ. ತಡಮಾಡದೆ ಬರೆಯುತ್ತಿದ್ದೇನೆ. ಆ ಲಾಟನ್ನು ಗುಜರಿಗೆ ಹಾಕಲು ಬಿಡಬೇಡ.

ಕೊರೆದ ಯಂತ್ರದ ದೋಷವಾಗಿದ್ದರೆ ಸಾಮಾನ್ಯವಾಗಿ ಒಂದೊಂದು ಹೌಸಿಂಗ್ ಒಂದೊಂದು ರೀತಿ ಇರುತ್ತಿತ್ತು. ಎಲ್ಲವೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗಿವೆ ಎಂದರೆ ಅವು ಬಿಸಿಯಾಗಿದ್ದವು. ಭಾಗಗಳು ತೊಳೆಯುವ ಯಂತ್ರದಿಂದ ನೇರವಾಗಿ ನಿನ್ನ ಮೇಜಿಗೆ ಬಂದಿವೆ. ಅಲ್ಯೂಮಿನಿಯಂ ಎಷ್ಟು ಹಿಗ್ಗುತ್ತದೆಂಬುದು ನಿನಗೆ ಗೊತ್ತಿದೆ. ಲೆಕ್ಕ ಹಾಕಿದರೆ, ನೀನು ಅಳೆಯುವಾಗ ಅವು ಸುಮಾರು ಮೂವತ್ತೆಂಟು ಡಿಗ್ರಿಯಲ್ಲಿದ್ದವು. ನಕ್ಷೆಯ ಮೇಲಿನ ಅಳತೆ ಇಪ್ಪತ್ತು ಡಿಗ್ರಿಗೆ ಮಾತ್ರ ಅನ್ವಯಿಸುತ್ತದೆ. ಹೊರಗಿನಿಂದ ಬಂದ ವಸ್ತುವನ್ನು ಕೋಣೆಯ ಉಷ್ಣತೆಗೆ ಬರುವವರೆಗೆ ಮುಟ್ಟದೆ ಬಿಟ್ಟು ಆಮೇಲೆ ಅಳೆಯಬೇಕು. ಇದು ಮೊದಲ ಪಾಠ.

ಭಾಗಗಳನ್ನು ಒಂದು ರಾತ್ರಿ ತಂಪಾದ ಕೋಣೆಯಲ್ಲಿಟ್ಟು ಮತ್ತೆ ಅಳೆ. ತಪ್ಪು ಯಂತ್ರದ್ದಲ್ಲ, ಭಾಗದ್ದೂ ಅಲ್ಲ, ಅಳೆದವರದ್ದು. ಮಹಾಲಿಂಗಪ್ಪನವರಿಗೆ ತಕ್ಷಣ ತಿಳಿಸು.

ಬಿಸಿಲಿಗೆ ಮಜ್ಜಿಗೆ ಒಳ್ಳೆಯದು.

ಇತಿ,
ಅಪ್ಪ


ಗ್ರೀನ್‌ಫರ್ಡ್
೨೨ ಜೂನ್ ೨೦೨೫

ಚಿ. ಪ್ರತೀಕ್ಷಾಳಿಗೆ ಆಶೀರ್ವಾದಗಳು.

ನನ್ನ ಮೇ ತಿಂಗಳ ಪತ್ರಕ್ಕೆ ಉತ್ತರ ಬಂದಿಲ್ಲ. ಪತ್ರದ ಫೋಟೊ ಸ್ಪಷ್ಟವಾಗಿರಲಿಲ್ಲವೇನೋ ಎಂದು ಇನ್ನೊಮ್ಮೆ ಕಳಿಸಿದ್ದೆ. ನೀನು ಅಮ್ಮನ ಜೊತೆ ಫೋನಿನಲ್ಲಿ ಮಾತನಾಡುತ್ತಿರುವುದರಿಂದ ಆರೋಗ್ಯವಾಗಿದ್ದೀಯೆಂದು ತಿಳಿದಿದ್ದೇನೆ. ನಾನು ಕೋಣೆಗೆ ಬಂದಾಗ ಅವಳು ಫೋನ್ ಹಿಡಿದು ಅಡುಗೆಮನೆಗೆ ಹೋಗುತ್ತಾಳೆ.

ನಿನ್ನ ಕೋಣೆಯ ರೇಡಿಯೇಟರಿನ ವಾಲ್ವ್ ಸೋರುತ್ತಿತ್ತು. ಬದಲಾಯಿಸಿದ್ದೇನೆ. ಈಗ ಬೇಸಿಗೆಯಾದ್ದರಿಂದ ಅವಸರವೇನೂ ಇರಲಿಲ್ಲ.

ಇತಿ,
ಅಪ್ಪ

ಪುಟ್ಟಿ, ಭಾನುವಾರ ಇಡೀ ದಿನ ನಿನ್ನ ರೂಮಲ್ಲಿ ಕೂತಿದ್ರು. ವಾಲ್ವ್ ಹಾಕೋಕೆ ಅರ್ಧ ಗಂಟೆ ಸಾಕು. ಒಂದು ಸಾಲು ಬರಿ ಮಗಳೇ. ಅಮ್ಮ.


ವೇಮಗಲ್
6 ಜುಲೈ 2025

ಅಪ್ಪಾ,

ನಿಮ್ಮ ಲೆಕ್ಕ ಕರೆಕ್ಟ್ ಇತ್ತು. ಅದಕ್ಕೇ ಉತ್ತರ ಬರೆಯೋಕೆ ಆಗಲಿಲ್ಲ.

ನಾನೇ ಹೋಗಿ ಮಹಾಲಿಂಗಪ್ಪ ಸರ್‌ಗೆ ಹೇಳ್ದೆ, ತಪ್ಪು ನಂದು ಅಂತ. ರಾತ್ರಿ ಎಲ್ಲಾ ಹೌಸಿಂಗನ್ನೂ ಸೆಮಿನಾರ್ ಹಾಲಿನ ಎಸೀಲಿ ಇಟ್ಟು ಬೆಳಿಗ್ಗೆ ಅಳೆದ್ವಿ. ಎರಡು ಬಿಟ್ಟು ಎಲ್ಲಾ ಪಾಸು. ಮಷಿನಿಂಗ್‌ನ ಮಾಧವ, ಅವತ್ತು ಎಲ್ಲರಿಗಿಂತ ಜೋರಾಗಿ ಕೂಗಾಡಿದ್ದವನು, ಕ್ಯಾಂಟೀನಲ್ಲಿ ಎದ್ದು ನಿಂತು, “ಲಂಡನ್ ಪಾಪ ಹೆಂಚಿನ ಮೇಲಿನ ದೋಸೆಗೆ ಸ್ಕೇಲ್ ಇಟ್ಟು ಅಳೆದುಬಿಡ್ತು ಕಣ್ರೋ!” ಅಂದ. ಎಲ್ಲರೂ ನಕ್ಕರು. ನಂಗೂ ನಗು ಬಂತು. ಅವತ್ತಿಂದ ನನ್ನ ಜೊತೆ ಊಟಕ್ಕೆ ಕೂರ್ತಾರೆ. ತಟ್ಟೆ ತಂದಾಗ ಮಾಧವ ಇವತ್ತಿಗೂ, “ತಡೀಮ್ಮಾ, ಆರಲಿ, ಆಮೇಲೆ ಅಳಿ” ಅಂತಾನೆ.

ಆದ್ರೆ ಅಪ್ಪಾ, ನಾನು ನಿಮಗೆ ಆ ಲೆಟರ್ ಬರೆದಿದ್ದು ಲೆಕ್ಕಕ್ಕೆ ಅಲ್ಲ. ಜೊತೇಲಿ ಯಾರೂ ಕೂರ್ತಿಲ್ಲ ಅಂತ ಬರೆದಿದ್ದೆ. ನಿಮ್ಮ ಉತ್ತರದಲ್ಲಿ ಮಜ್ಜಿಗೆ ಇತ್ತು.

ಸರಿ, ಬಿಡಿ. ಇನ್ನೊಂದು ವಿಷಯ. ಮಹಾಲಿಂಗಪ್ಪ ಸರ್ ಈಗ ನಿಜವಾದ ಇಪ್ಪತ್ತು ಡಿಗ್ರಿ ಕೋಣೆ ಕಟ್ಟಿಸಬೇಕು ಅಂತ ಮೇಲಿನವರನ್ನ ಒಪ್ಪಿಸಿದ್ದಾರೆ. ಅದನ್ನ ಸೆಟಪ್ ಮಾಡಿ, ನಡೆಸಿ, ಹುಡುಗರಿಗೆ ಕಲಿಸೋಕೆ ಒಬ್ಬರು ಬೇಕು. “ನಿಮ್ಮಪ್ಪ ಅಲ್ಲಿ ಕೂತು ಇಲ್ಲಿನ ಜ್ವರ ಹೇಳ್ತಾರಲ್ಲಮ್ಮಾ, ಅವರು ಬರ್ತಾರಾ ಕೇಳು” ಅಂದ್ರು. ಖಾಯಂ ಕೆಲಸ. ನಾನು ಕೇಳ್ತಿಲ್ಲ. ಅವರು ಕೇಳಿದ್ದನ್ನ ಹೇಳ್ತಿದ್ದೀನಿ.

ಪ್ರತೀಕ್ಷಾ


ಗ್ರೀನ್‌ಫರ್ಡ್
೨೦ ಜುಲೈ ೨೦೨೫

ಚಿ. ಪ್ರತೀಕ್ಷಾಳಿಗೆ ಆಶೀರ್ವಾದಗಳು.

ಯಾರೂ ಜೊತೆಗೆ ಕೂರುತ್ತಿಲ್ಲ ಎಂಬ ಸಾಲನ್ನು ನಾನು ಅಂದೇ ಓದಿದ್ದೆ. ಅದಕ್ಕೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಐವತ್ತು ಮೈಕ್ರಾನಿಗೆ ಏನು ಬರೆಯಬೇಕೆಂದು ತಿಳಿದಿತ್ತು. ನೀನು ಹೋಗಿ ತಪ್ಪು ಒಪ್ಪಿಕೊಂಡದ್ದು ನನಗೆ ಸಂತೋಷದ ವಿಷಯ. ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು.

ಕೋಣೆಯ ಬಗ್ಗೆ: ಒಂದು ನಕ್ಷೆ ಬರೆದು ಇದರ ಜೊತೆ ಕಳಿಸಿದ್ದೇನೆ. ಗೋಡೆಗೆ ಬಿಸಿಲು ತಾಗಬಾರದು. ಎರಡು ಬಾಗಿಲುಗಳಿರಲಿ, ನಡುವೆ ಭಾಗಗಳು ಕಾಯಲು ಒಂದು ಚಿಕ್ಕ ಕೋಣೆ ಬೇಕು. ಜನರು ಆ ಚಿಕ್ಕ ಕೋಣೆಯನ್ನು ಜಾಗ ವ್ಯರ್ಥವೆಂದು ತೆಗೆದುಹಾಕಲು ನೋಡುತ್ತಾರೆ. ಒಪ್ಪಬೇಡಿ.

ಮಹಾಲಿಂಗಪ್ಪನವರಿಗೆ ನನ್ನ ನಮಸ್ಕಾರ ತಿಳಿಸು. ಅವರ ವಿಶ್ವಾಸಕ್ಕೆ ಕೃತಜ್ಞ. ಇಲ್ಲಿ ನನಗೆ ಕೆಲಸವಿದೆ.

ಇತಿ,
ಅಪ್ಪ


ವೇಮಗಲ್
7 ಸೆಪ್ಟೆಂಬರ್ 2025

ಅಪ್ಪಾ,

ಅಮ್ಮ ನಿನ್ನೆ ಹೇಳಿದ್ಲು. ಡಿಸೆಂಬರಿಗೆ ನಿಮ್ಮ ಲ್ಯಾಬ್ ಮುಚ್ಚುತ್ತಂತೆ. ಪಕ್ಕದ ಗೋದಾಮಿನವರು ಕಟ್ಟಡ ತಗೊಂಡಿದ್ದಾರಂತೆ. ನಿಮಗೆ ಏಪ್ರಿಲಲ್ಲೇ ಗೊತ್ತಿತ್ತು. ನನಗೆ ಬಾತುಕೋಳಿ ಮರಿ ಬಗ್ಗೆ ಬರೆದ್ರಿ.

ಕೋಪ ಇಲ್ಲ. ಇತ್ತು, ಈಗ ಇಲ್ಲ. ಯಾಕಂದ್ರೆ ನಾನೂ ಒಂದು ವಿಷಯ ಹೇಳಿಲ್ಲ. ನಾನು ಇಲ್ಲಿಗೆ ಯಾಕೆ ಬಂದೆ ಅಂತ.

ನಮ್ಮ ಮನೇಲಿ ಬೀರು ಮೇಲೆ ಒಂದು ದೊಡ್ಡ ಸೂಟ್‌ಕೇಸ್ ಇದೆ. ನಾನು ಹುಟ್ಟಿದಾಗಿಂದ ಅಲ್ಲೇ ಇದೆ. ಪ್ರತಿ ಸಲ ಹೀತ್ರೂದಲ್ಲಿ ಇಳಿದಾಗ ನಾನೂ ಅಮ್ಮನೂ ಬ್ರಿಟಿಷ್ ಪಾಸ್‌ಪೋರ್ಟಿನ ಗೇಟಲ್ಲಿ ಎರಡು ನಿಮಿಷದಲ್ಲಿ ಹೊರಗೆ ಬರ್ತೀವಿ. ನೀವು ಆ ಕಡೆ ಉದ್ದದ ಕ್ಯೂನಲ್ಲಿ, ಕೈಯಲ್ಲಿ ನೀಲಿ ಇಂಡಿಯನ್ ಪಾಸ್‌ಪೋರ್ಟ್ ಹಿಡ್ಕೊಂಡು ಒಬ್ಬರೇ ನಿಂತಿರ್ತೀರಿ. ನಾವು ಲಗೇಜ್ ಹತ್ರ ಕಾಯ್ತಾ ಇರ್ತೀವಿ. ಹಾಲ್‌ನ ಕಾರ್ಪೆಟ್ ನಾವು ಮನೆಗೆ ಬಂದಾಗ ಇದ್ದದ್ದೇ. ಹೊಸದರ ಸ್ಯಾಂಪಲ್ ತಂದಿಟ್ಟು ಎಷ್ಟು ವರ್ಷ ಆಯ್ತು? ಅಪ್ಪನಿಗೆ ಇಲ್ಲಿ ನೆಲೆ ನಿಲ್ಲೋಕೆ ಇಷ್ಟ ಇಲ್ಲ, ವಾಪಸ್ ಹೋಗೋಕೆ ಕಾಯ್ತಿದ್ದಾರೆ, ನಮಗೋಸ್ಕರ ಇಲ್ಲಿದ್ದಾರೆ ಅಂತ ನಾನು ಚಿಕ್ಕವಳಿದ್ದಾಗಿಂದ ಅಂದುಕೊಂಡಿದ್ದೆ.

ಅದಕ್ಕೆ, ನಾನು ಮೊದಲು ಬಂದು ಇದ್ರೆ ನಿಮಗೆ ಸುಲಭ ಆಗುತ್ತೆ ಅನ್ನಿಸ್ತು. ಎಲ್ಲರೂ ಹಾಗೇ ಅಲ್ವಾ ಮಾಡೋದು, ಮೊದಲು ಒಬ್ಬರು ಹೋಗಿ ರೂಮ್ ನೋಡಿ, ಆಮೇಲೆ ಮಿಕ್ಕವರನ್ನ ಕರೆಸೋದು? ಮಹಾಲಿಂಗಪ್ಪ ಸರ್ ಆ ಕೆಲಸದ ಮಾತು ಎತ್ತಿದಾಗ, ದೇವರೇ ಮಾಡಿದ್ದು ಅಂದ್ರು ಚಂದ್ರಿಕಾ ಆಂಟಿ. ಪಕ್ಕದ ಬೀದೀಲಿ ಮನೆ ಕೂಡ ನೋಡಿಬಿಟ್ಟಿದ್ದಾರೆ, ನಿಮಗೂ ಅಮ್ಮನಿಗೂ.

ಇಲ್ಲಿಯವರು ನನ್ನ ಕಾಂಟ್ರಾಕ್ಟ್ ಮುಂದುವರಿಸ್ತೀವಿ ಅಂತಿದ್ದಾರೆ. ಹೇಸ್‌ನವರು ಅಕ್ಟೋಬರ್ ಕೊನೆ ಒಳಗೆ ಉತ್ತರ ಕೇಳಿದ್ದಾರೆ. ನೀವು ಬರೋದಾದ್ರೆ ನಾನು ಇರ್ತೀನಿ. ನೀವು ಬರಲ್ಲ ಅಂದ್ರೆ ನಾನು ಇಲ್ಲಿ ಯಾತಕ್ಕೆ ಇದ್ದೀನಿ ಅಂತ ನನಗೇ ಗೊತ್ತಿಲ್ಲ.

ಈ ಸಲ ಲಿಸ್ಟ್ ಬೇಡ ಅಪ್ಪಾ.

ಪ್ರತೀಕ್ಷಾ


ಗ್ರೀನ್‌ಫರ್ಡ್
೧೨ ಅಕ್ಟೋಬರ್ ೨೦೨೫

ಪ್ರೀತಿಯ ಪ್ರತೀಕ್ಷಾ,

ಈ ಪತ್ರಕ್ಕೆ ಐದು ವಾರ ಹಿಡಿಯಿತು. ನೀನು ಕೇಳಿದಂತೆ ಸಂಖ್ಯೆಗಳನ್ನು ಬಿಟ್ಟು ಬರೆಯುತ್ತಿದ್ದೇನೆ. ಎಲ್ಲಿಂದ ಆರಂಭಿಸಬೇಕೆಂಬುದು ಆದ್ದರಿಂದ ಕಷ್ಟವಾಯಿತು.

ಸೂಟ್‌ಕೇಸಿನಲ್ಲಿ ನಿನ್ನ ಅಮ್ಮನ ರೇಷ್ಮೆ ಸೀರೆಗಳಿವೆ. ಬೀರುವಿನಲ್ಲಿ ಜಾಗವಿಲ್ಲದ್ದರಿಂದ ಮೇಲಿಟ್ಟಿದ್ದೇವೆ. ನಾನೇ ಇಳಿಸಿ ಕೊಡುತ್ತೇನೆ, ನಾನೇ ಮೇಲಿಡುತ್ತೇನೆ. ಅದನ್ನು ನೀನು ಇಷ್ಟು ವರ್ಷ ಹೀಗೆ ನೋಡುತ್ತಿದ್ದೆಯೆಂದು ನನಗೆ ಗೊತ್ತಿರಲಿಲ್ಲ.

ಪಾಸ್‌ಪೋರ್ಟಿನ ವಿಷಯವೂ ಹಾಗೆಯೇ. ಇಲ್ಲಿನ ಪೌರತ್ವ ಪಡೆಯುವವರು ಕೊನೆಯಲ್ಲಿ ಕೌನ್ಸಿಲಿನ ಸಭಾಂಗಣದಲ್ಲಿ, ಅಪರಿಚಿತರ ಎದುರು ನಿಂತು, ಗಟ್ಟಿಯಾಗಿ ಪ್ರಮಾಣವಚನ ಹೇಳಬೇಕು. ೨೦೧೧ರಲ್ಲಿ ನಿನ್ನ ಅಮ್ಮ ಹೇಳುವಾಗ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವಳು ನಗುನಗುತ್ತಾ ಹೇಳಿ ಮೇಯರ್ ಜೊತೆ ಫೋಟೊ ತೆಗೆಸಿಕೊಂಡಳು. ನನ್ನಿಂದ ಸಾಧ್ಯವಿಲ್ಲವೆನ್ನಿಸಿತು. ಮುಂದಿನ ವರ್ಷ ನೋಡೋಣವೆಂದು ಅರ್ಜಿಯನ್ನು ಒಳಗಿಟ್ಟೆ. ನೀನು ಹಂಬಲವೆಂದು ಓದಿದ್ದು ನನ್ನ ಸಂಕೋಚವನ್ನು.

ಈಗ ನಿನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. ಮಾರ್ಚಿನಲ್ಲಿ ಬರೆದ ಆರು ಸಂಗತಿಗಳೂ ನಿಜ. ಆದರೆ ಆರ್ಡರು ಕಡಿಮೆಯಿದ್ದ ಟೂಲ್‌ರೂಮಿನಲ್ಲಿ ನನ್ನ ಜೊತೆ ಇದ್ದವರೆಲ್ಲ ಅಲ್ಲೇ ಉಳಿದರು, ಚೆನ್ನಾಗಿಯೇ ಇದ್ದಾರೆ. ನಾನು ಹೊರಟೆ. ತುಮಕೂರಿನಲ್ಲಿ ನಮ್ಮದು ಮಾತಿನ ಮನೆ. ಮದುವೆ, ನಾಮಕರಣ, ಬಸ್‌ಸ್ಟ್ಯಾಂಡು, ಎಲ್ಲಿ ಹೋದರೂ ಯಾರ ಮಗ, ಏನು ಕೆಲಸ, ಎಷ್ಟು ಸಂಬಳ, ಯಾಕೆ ಇಷ್ಟು ಸಣ್ಣಗಾದೆ. ನಾನು ತಲೆಯಾಡಿಸುತ್ತಿದ್ದೆ. ನನ್ನ ಚಿಕ್ಕಪ್ಪ ಎಲ್ಲರೆದುರು, “ಏನಯ್ಯಾ, ಬಾಯಿ ಬಿಟ್ರೆ ಟ್ಯಾಕ್ಸ್ ಹಾಕ್ತಾರಾ?” ಎನ್ನುತ್ತಿದ್ದರು. ಕೆಲವರು ಅಹಂಕಾರಿ ಎಂದರು. ಆ ಮಾತು ನನ್ನ ಅಮ್ಮನ ಕಿವಿಗೂ ಬಿತ್ತು. ಅವಳು ನನ್ನನ್ನು ಪಕ್ಕಕ್ಕೆ ಕರೆದು, “ಸುಮ್ನೆ ಏನಾದ್ರೂ ಮಾತಾಡೋ, ಮಳೆ ವಿಷಯಾನಾದ್ರೂ ಮಾತಾಡೋ,” ಎಂದು ಕೇಳಿಕೊಂಡಳು.

ಇಲ್ಲಿಗೆ ಬಂದ ಮೊದಲ ಸೋಮವಾರ ಸೆಂಟ್ರಲ್ ಲೈನಿನ ರೈಲು ಹತ್ತಿದೆ. ಡಬ್ಬಿ ತುಂಬ ಜನ. ಒಬ್ಬರೂ ಮಾತನಾಡುತ್ತಿರಲಿಲ್ಲ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಜೊತೆಗೆ ಬಂದಿದ್ದ ಇನ್ನೊಬ್ಬ ಬೆಂಗಳೂರಿನವರು ಅಂದು ಸಂಜೆ, “ಸ್ಮಶಾನಕ್ಕೆ ಬಂದಂಗಿದೆ ಕಣ್ರೀ,” ಎಂದು ಕಣ್ಣೀರು ಹಾಕಿಕೊಂಡರು. ಆರು ತಿಂಗಳಿಗೆ ಹಿಂದಿರುಗಿದರು. ನನಗೆ ಮಾತ್ರ, ನನ್ನಂಥವರಿಗಾಗಿಯೇ ಯಾರೋ ಒಂದು ಇಡೀ ರೈಲು ಓಡಿಸುತ್ತಿದ್ದಾರೆ ಎನ್ನಿಸಿತು. ಪ್ರಯೋಗಾಲಯದಲ್ಲಿ ಬೆಳಿಗ್ಗೆ ಒಮ್ಮೆ ಹವಾಮಾನದ ಮಾತಾಡಿದರೆ ಸಂಜೆಯವರೆಗೆ ಸಾಕು. ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಕಾಲುವೆಯ ದಂಡೆಯ ಬೆಂಚಿನಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದೆ. ಇಂದಿಗೂ ಅಲ್ಲೇ ಉಣ್ಣುತ್ತೇನೆ. ನಿನ್ನ ಸಾಲು ನನಗೆ ಅರ್ಥವಾಗಲು ಯಾಕೆ ತಡವಾಯಿತೆಂದು ಈಗ ನಿನಗೆ ತಿಳಿಯಬಹುದು. ಒಬ್ಬರೇ ಕೂತು ಉಣ್ಣುವುದು ಅಳುವ ವಿಷಯವೆಂದು ನನಗೆ ಹೊಳೆಯಲೇ ಇಲ್ಲ.

ಹಸಿವಿನಿಂದ ಬಂದವರು, ಯುದ್ಧದಿಂದ ಓಡಿ ಬಂದವರು, ಕಾರ್ಖಾನೆಯ ದುಡಿಮೆಗೆ ಬಂದವರು ಇರುವ ಈ ಬೀದಿಯಲ್ಲಿ, ಸುಮ್ಮನಿರಲು ಬಂದೆನೆಂದು ಹೇಳಲು ನನಗೆ ನಾಚಿಕೆಯಾಗುತ್ತಿತ್ತು. ಆದ್ದರಿಂದ ಟೂಲ್‌ರೂಮು, ಆರ್ಡರು ಎನ್ನುತ್ತಾ ಬಂದೆ. ಸರ್ದಾರ್‌ಜಿಯವರು ಕೋಟಿನ ಮಾತು ಹೇಳಿದ ದಿನವೇ ನಿನಗೆ ಇದನ್ನು ಬರೆಯಬಹುದಿತ್ತು.

ನಿನ್ನ ಪತ್ರ ಬಂದ ಮೇಲೆ ಒಂದು ಸಂಜೆ ನಿನ್ನ ಅಮ್ಮನನ್ನು, “ನಾವು ವಾಪಸು ಹೋಗಬೇಕೆಂದು ನಿನಗೆ ಅನ್ನಿಸುತ್ತದೆಯೇ?” ಎಂದು ಕೇಳಿದೆ.

“ಇಷ್ಟು ವರ್ಷಕ್ಕೆ ಈಗ ಕೇಳ್ತಿದ್ದೀರಾ? ಒಲೆ ಮೇಲೆ ಹಾಲಿದೆ, ಮೊದಲು ಆರಿಸಿ ಬನ್ನಿ,” ಎಂದಳು.

ಆರಿಸಿ ಬಂದೆ. ಅವಳು, “ನೀವು ಹೋಗಬೇಕು ಅಂತೀರೇನೋ ಅಂತ ನಾನು ಸುಮ್ನಿದ್ದೆ ಕಣ್ರೀ. ನಂಗೆ ಫಾರ್ಮಸಿ ಕೆಲಸ ಇದೆ, ಭಾನುವಾರದ ಭಜನೆ ಇದೆ, ಪಕ್ಕದ ಮನೆ ಮಾತಾಜಿ ಇದ್ದಾರೆ. ಆ ಹಾಳು ಕಾರ್ಪೆಟ್ ಒಂದು ತೆಗೆಸಿಬಿಟ್ರೆ ಮತ್ತೇನೂ ಬೇಡ,” ಎಂದಳು.

ಹೀಗೆ ನಾವು ಮೂವರೂ ಇನ್ನೊಬ್ಬರು ಹೊರಡುತ್ತಾರೆಂದು ಕಾಯುತ್ತಿದ್ದೆವು.

ನಾನು ಈ ದೇಶಕ್ಕೆ ಬರಬೇಕೆಂದು ನಿರ್ಧರಿಸಿದ್ದು ಎರಡು ವರ್ಷದ ಮಟ್ಟಿಗೆ. ಇಲ್ಲೇ ಉಳಿಯಬೇಕೆಂದು ಎಂದೂ ನಿರ್ಧರಿಸಲಿಲ್ಲ. ಈ ವರ್ಷ ಹೋಗುವುದು ಬೇಡ ಎಂದು ಪ್ರತಿವರ್ಷ ಅಂದುಕೊಂಡೆ. ಅದರ ಭಾರ ನಿನ್ನ ಮೇಲೆ ಬಿದ್ದು, ನೀನು ನನಗಾಗಿ ಕೋಣೆ ನೋಡಲು ಕೋಲಾರದವರೆಗೆ ಹೋಗಿದ್ದೀಯ. ನಿನ್ನ ಪತ್ರದ ಆ ಭಾಗವನ್ನು ನಾನು ಅನೇಕ ಸಲ ಓದಿದೆ, ಮಗಳೇ.

ಹೇಸ್‌ನವರಿಗೂ ವೇಮಗಲ್‌ನವರಿಗೂ ಏನು ಉತ್ತರಿಸಬೇಕೆಂಬುದನ್ನು, ನನ್ನನ್ನು ಲೆಕ್ಕದಿಂದ ತೆಗೆದು, ನೀನೇ ಯೋಚಿಸು. ನಿನ್ನ ಪತ್ರಗಳಲ್ಲಿ ಮಾಧವ ಬರುತ್ತಾನೆ, ಚಂದ್ರಿಕಾ ಬರುತ್ತಾರೆ, ಒಡಿಶಾದ ಹುಡುಗಿಯರು ಬರುತ್ತಾರೆ. ನೀನು ನನಗಾಗಿ ಮಾತ್ರ ಅಲ್ಲಿದ್ದೀಯೆಂದು ನನಗೆ ಅನ್ನಿಸುವುದಿಲ್ಲ. ಆದರೆ ಇದು ದೂರದಿಂದ ನೋಡಿದ್ದು. ನೀನು ಅಳೆದು ನೋಡಬೇಕು. ಎರಡರಲ್ಲಿ ಯಾವುದನ್ನು ಆರಿಸಿದರೂ ಕಾರಣ ಕೇಳುತ್ತೇನೆ. ಕೇಳಿ ಹತ್ತು ನಿಮಿಷ ಪಕ್ಕದಲ್ಲಿ ಕೂರುತ್ತೇನೆ.

ಜನವರಿಯಿಂದ ಒಂದು ತಿಂಗಳು ವೇಮಗಲ್‌ಗೆ ಬಂದು ಕೋಣೆ ಸಿದ್ಧಪಡಿಸಿಕೊಡುತ್ತೇನೆಂದು ಮಹಾಲಿಂಗಪ್ಪನವರಿಗೆ ಬೇರೆಯಾಗಿ ಬರೆದಿದ್ದೇನೆ. ಊಟಕ್ಕೆ ನಿಮ್ಮೆಲ್ಲರ ಜೊತೆ ಕೂರುತ್ತೇನೆ. ಮೊದಲ ದಿನ ನನ್ನನ್ನು ಯಾರೂ ಏನೂ ಕೇಳದಂತೆ ಮಾಧವನಿಗೆ ಹೇಳು. ಫೆಬ್ರವರಿಯಲ್ಲಿ ಹೇಸ್‌ನ ಔಷಧ ಗೋದಾಮಿನಲ್ಲಿ, ಶೀತಕೋಣೆಗಳ ಉಷ್ಣತೆಯನ್ನು ಪರೀಕ್ಷಿಸುವ ಕೆಲಸಕ್ಕೆ ಸೇರುತ್ತೇನೆ. ಪೌರತ್ವದ ಅರ್ಜಿಯನ್ನು ನಿನ್ನೆ ಕಳಿಸಿದ್ದೇನೆ. ಪ್ರಮಾಣವಚನವನ್ನು ಸ್ನಾನದ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ; ಹೊರಗಿನಿಂದ ನಿನ್ನ ಅಮ್ಮ, “ಇನ್ನೂ ಜೋರಾಗಿ!” ಎನ್ನುತ್ತಾಳೆ. ಕಾರ್ಪೆಟ್ಟಿನವರು ಮಂಗಳವಾರ ಬರುತ್ತಾರೆ.

ನಾನು ಗ್ರೀನ್‌ಫರ್ಡಿನಲ್ಲೇ ಉಳಿಯುವುದೆಂದು ನಿರ್ಧರಿಸಿದ್ದೇನೆ.

ಅಪ್ಪ